ಎರೆಮಣ್ಣಿನ ಹಿತ್ತಲಲ್ಲಿ ಮರದ ಡೆಕ್: ಮೊದಲು ನೆಲದ ಕೆಲಸ

ಪ್ರಶ್ನೆ: ಧಾರವಾಡದ ಹೊರವಲಯದಲ್ಲಿ ಎರಡು ವರ್ಷದ ಹಿಂದೆ ಮನೆ ಕಟ್ಟಿಸಿದ್ದೇವೆ. ಹಿತ್ತಲಲ್ಲಿ ಅಡುಗೆಮನೆ ಬಾಗಿಲಿಗೆ ಹೊಂದಿಕೊಂಡು 16 ಅಡಿ ಉದ್ದ, 12 ಅಡಿ ಅಗಲದ ಮರದ ಡೆಕ್ ಮಾಡಿಸಬೇಕು ಅಂತ ಆಸೆ. ಸಂಜೆ ಅವ್ವ ಕೂರಲಿಕ್ಕೆ, ಮಕ್ಕಳು ಆಡಲಿಕ್ಕೆ. ನೆಲ ಅಪ್ಪಟ ಎರಿ, ಅಂದರೆ ಕಪ್ಪುಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಅದರ ಮೇಲೆ ಮನೆ ಕಟ್ಟುವಾಗ ಉಳಿದ ಇಟ್ಟಿಗೆ ಚೂರು, ಗಾರೆ, ಮಣ್ಣನ್ನೆಲ್ಲ ಸುಮಾರು ಒಂದೂವರೆ ಅಡಿ ಹರಡಿದ್ದಾರೆ. ಮನೆಯ ಪ್ಲಿಂತ್ (ಒಳನೆಲದ ಮಟ್ಟ) ಈಗಿನ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದೆ. ಮೂಲೆಯಲ್ಲಿ ದೊಡ್ಡ ಬೇವಿನ ಮರವಿದೆ. ಬಡಿಗೇರರು "ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿಬಿಡ್ರಿ, ಮೇಲೆ ಫ್ರೇಮ್ ಕೂರಿಸ್ತೀನಿ" ಅಂತಾರೆ. ಗೌಂಡಿ "ಮೂರಡಿ ಅಗೆದು ಉಸುಕು ತುಂಬ್ರಿ" ಅಂತಾರೆ. ಹುಲ್ಲಿಗೂ ಗೆದ್ದಲಿಗೂ ಕಲ್ಲುಪ್ಪು ಸುರಿದು ಪ್ಲಾಸ್ಟಿಕ್ ಹಾಸಿ ಎಂಬುದು ಪಕ್ಕದ ಮನೆಯವರ ಸಲಹೆ. ಯಾರ ಮಾತು ಕೇಳಬೇಕು? ಬರುವ ಯುಗಾದಿಯೊಳಗೆ ಮುಗಿಸಬಹುದೇ?

ಉತ್ತರ: ಬಡಿಗೇರರಿಗೂ ಗೌಂಡಿಗೂ ಇರುವುದು ಒಂದೇ ಭಯ, ಡೆಕ್ ಕುಸಿದೀತು ಅಂತ. ಎರೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯ ಡೆಕ್ ಮೇಲೇಳುವುದು.

ಲೆಕ್ಕ ನೋಡಿ. ನಿಮ್ಮ ಡೆಕ್ 192 ಚದರ ಅಡಿ, ಅಂದರೆ 17.8 ಚದರ ಮೀಟರ್. ಫ್ರೇಮು, ಹಲಗೆ ಎಲ್ಲ ಸೇರಿ ಚದರ ಮೀಟರಿಗೆ 50 ಕೆಜಿ ಹಿಡಿದರೆ ಒಟ್ಟು ತೂಕ 900 ಕೆಜಿ. ನೆನೆದ ಎರೆಮಣ್ಣು ಹಿಗ್ಗುವಾಗ ಚದರ ಮೀಟರಿಗೆ 10 ಟನ್ ಒತ್ತಡ ಕೊಡುವುದು ಅಪರೂಪವಲ್ಲ. ಎರಡಡಿ ಚೌಕದ ಒಂದೇ ಒಂದು ಪಾಯದ ಕೆಳಗೆ ಅದು ಮೂರೂವರೆ ಟನ್ ದಾಟುತ್ತದೆ. ಇಡೀ ಡೆಕ್ಕೇ ಒಂದು ಟನ್ ಇಲ್ಲದಿರುವಾಗ ಮಣ್ಣು ಅದನ್ನು ಎತ್ತದೆ ಬಿಡುವುದಿಲ್ಲ. ಮನೆ ಭಾರವಾಗಿದೆ, ಅದರ ಪಾಯ ಆಳದಲ್ಲಿದೆ, ಹಾಗಾಗಿ ಅದು ಅಲುಗುವುದು ಕಡಿಮೆ. ಡೆಕ್ ಹಗುರ. ಅದೂ ಒಂದೇ ಸಮನಾಗಿ ಏಳುವುದಿಲ್ಲ. ನೀರು ಹೆಚ್ಚು ಕುಡಿದ ಕಡೆ ಹೆಚ್ಚು, ಒಣಗಿದ ಕಡೆ ಕಡಿಮೆ. ಹಲಗೆ ನಡುವೆ ಅರ್ಧ ಇಂಚು ಮೆಟ್ಟಿಲು ಎದ್ದರೂ ವಯಸ್ಸಾದವರ ಕಾಲು ತಾಗಿ ಎಡವಲು ಅಷ್ಟು ಸಾಕು. ಹಾಗಾಗಿ ನಿಮ್ಮ ಹಿತ್ತಲಲ್ಲಿ ನೆಲ ಸಿದ್ಧಪಡಿಸುವುದು ಎಂದರೆ ಮುಖ್ಯವಾಗಿ ನೀರನ್ನು ಹತೋಟಿಗೆ ತರುವುದು.

ಎರೆ ಹೀಗೇಕೆ ಮಾಡುತ್ತದೆ ಎಂದರೆ, ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಕಾಗದದ ಕಟ್ಟಿನಂತೆ ತೆಳು ಪದರಗಳಿಂದ ಆಗಿದೆ. ನೀರು ಆ ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಒಣಗಿದಾಗ ಅವು ಮತ್ತೆ ಹತ್ತಿರ ಬರುತ್ತವೆ. ನಿಮ್ಮ ಮಣ್ಣು ಎಷ್ಟು ಹಿಗ್ಗುತ್ತದೆ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಎರಡಡಿ ಕೆಳಗಿನ ಮಣ್ಣನ್ನು ಪೂರ್ತಿ ಒಣಗಿಸಿ, ಕುಟ್ಟಿ, ತೆಳು ಜರಡಿಯಲ್ಲಿ ಹಿಡಿಯಿರಿ. ಗುರುತಿರುವ 100 ಮಿಲಿ ಗಾಜಿನ ಅಳತೆ ಪಾತ್ರೆಯಲ್ಲಿ ನೀರು ತುಂಬಿ, 10 ಮಿಲಿ ಪುಡಿಯನ್ನು ನಿಧಾನಕ್ಕೆ ಉದುರಿಸಿ 24 ಗಂಟೆ ಬಿಡಿ. ತಳದ ಮಣ್ಣು 15 ಮಿಲಿವರೆಗೆ ನಿಂತರೆ 50 ಶೇಕಡಾ ಹಿಗ್ಗಿದೆ ಎಂದರ್ಥ, ಅಲ್ಲಿಯವರೆಗೆ ಚಿಂತೆ ಕಡಿಮೆ. 20 ಮಿಲಿ ದಾಟಿದರೆ ಮಣ್ಣು ಬಲವಾಗಿ ಹಿಗ್ಗುವ ಜಾತಿ. ಖಚಿತ ಸಂಖ್ಯೆ ಬೇಕಿದ್ದರೆ ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ 'ಫ್ರೀ ಸ್ವೆಲ್ ಇಂಡೆಕ್ಸ್' ಪರೀಕ್ಷೆ ಕೇಳಿ.

ಮೂವರ ಸಲಹೆಗಳ ಬಗ್ಗೆ

ಬಡಿಗೇರರು ಹೇಳಿದ ನಾಲ್ಕು ಇಂಚಿನ ಕಾಂಕ್ರೀಟ್ ಹಾಸು ಸುಮಾರು ನಾಲ್ಕೂಕಾಲು ಟನ್ ತೂಗುತ್ತದೆ. ಕೇಳಲು ದೊಡ್ಡದು, ಆದರೆ ಅದು ಹರಡಿಕೊಂಡಾಗ ಚದರ ಮೀಟರಿಗೆ ಕಾಲು ಟನ್ ಕೂಡ ಆಗುವುದಿಲ್ಲ. ಕೆಳಗಿನ ಮಣ್ಣಿಗೆ ಅದು ಲೆಕ್ಕಕ್ಕೇ ಇಲ್ಲ. ಹಾಸಿನ ಅಂಚಿನ ಮಣ್ಣು ಬಿಸಿಲಿಗೆ ಒಣಗಿ ಕುಗ್ಗುತ್ತದೆ, ನಡುವಿನದು ನೆರಳಲ್ಲಿ ತೇವ ಉಳಿಸಿಕೊಂಡು ಉಬ್ಬುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಾಸು ಬಿರಿಯುತ್ತದೆ, ಬಿರುಕಲ್ಲಿ ನೀರಿಳಿಯುತ್ತದೆ, ಅಲ್ಲಿಂದ ಮುಂದೆ ಬಿರುಕು ಬೆಳೆಯುತ್ತಲೇ ಹೋಗುತ್ತದೆ.

ಗೌಂಡಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಎರೆ ತೆಗೆದು ಬೇರೆ ಮಣ್ಣು ತುಂಬುವುದು ಒಳ್ಳೆಯ ಪದ್ಧತಿಯೇ, ಉಸುಕು ತುಂಬುವುದು ತಪ್ಪು. ಎರೆಯಲ್ಲಿ ತೋಡಿದ ಗುಂಡಿಗೆ ಉಸುಕು ತುಂಬಿದರೆ ಅದೊಂದು ತೊಟ್ಟಿ. ಮಳೆ ನೀರು ಸಲೀಸಾಗಿ ಒಳಗಿಳಿಯುತ್ತದೆ, ಸುತ್ತಲಿನ ಜೇಡಿ ಅದನ್ನು ಹೊರಬಿಡುವುದಿಲ್ಲ, ತಳದ ಎರೆ ತಿಂಗಳುಗಟ್ಟಲೆ ನೆನೆಯುತ್ತದೆ. ತುಂಬಬೇಕಾದದ್ದು ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು (ಮುರಮ್). ಹಿಗ್ಗದ, ಆದರೆ ಅಂಟು ಗುಣ ಸ್ವಲ್ಪ ಇರುವ ಮಣ್ಣಿನ ಪದರ ಎರೆಯ ಉಬ್ಬರವನ್ನು ತಡೆಯುತ್ತದೆ ಎಂಬುದನ್ನು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿಯವರು ದಶಕಗಳ ಹಿಂದೆಯೇ ತೋರಿಸಿಕೊಟ್ಟರು. ಕಪ್ಪುಮಣ್ಣಿನಲ್ಲಿ ಕಾಲುವೆ ಕಟ್ಟುವವರು ಇದನ್ನು ಬಳಸುತ್ತಾರೆ.

ಕಲ್ಲುಪ್ಪಿನ ಸಲಹೆಯನ್ನು ಮಾತ್ರ ದಯವಿಟ್ಟು ಪೂರ್ತಿ ಬಿಟ್ಟುಬಿಡಿ. ಉಪ್ಪಿನಲ್ಲಿರುವ ಸೋಡಿಯಂ ಆ ಜೇಡಿಯ ಪದರಗಳನ್ನು ಇನ್ನಷ್ಟು ಸಡಿಲಿಸಿ ಹಿಗ್ಗುವ ಗುಣವನ್ನು ಹೆಚ್ಚಿಸುತ್ತದೆ. ಜೊತೆಗೆ ಪಾಯದ ಕಬ್ಬಿಣಕ್ಕೆ ತುಕ್ಕು, ಬೇವಿನ ಬೇರಿಗೆ ಕೇಡು. ಗೆದ್ದಲಿಗೆ ಅದರಿಂದ ಏನೂ ಆಗುವುದಿಲ್ಲ. ಪ್ಲಾಸ್ಟಿಕ್ ವಿಷಯಕ್ಕೆ ಮುಂದೆ ಬರುತ್ತೇನೆ, ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ.

ಮೊದಲ ಗುದ್ದಲಿಗೂ ಮುಂಚೆ

ಹಿತ್ತಲಿಗೆ ನೀರು ಎಲ್ಲೆಲ್ಲಿಂದ ಬರುತ್ತದೆ ನೋಡಿ. 600 ಚದರ ಅಡಿ ಮಾಳಿಗೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1,400 ಲೀಟರ್ ನೀರು. ಅದು ಹಿಂಬದಿಯ ಪೈಪಿನಿಂದ ಗೋಡೆ ಬುಡಕ್ಕೇ ಸುರಿಯುತ್ತಿದ್ದರೆ ಡೆಕ್‌ನ ಪಾಯ ಎಷ್ಟು ಗಟ್ಟಿ ಮಾಡಿದರೂ ವ್ಯರ್ಥ. ಆ ಪೈಪನ್ನು ಡೆಕ್ ಜಾಗದಿಂದ ಕನಿಷ್ಠ ಹತ್ತಡಿ ಆಚೆಗೆ ಒಯ್ಯಿರಿ. ಇಂಗುಗುಂಡಿಯನ್ನು ಡೆಕ್ ಪಕ್ಕ ತೋಡಬೇಡಿ. ಬೇರೆ ಮಣ್ಣಿನಲ್ಲಿ ಅದು ಒಳ್ಳೆಯ ಕೆಲಸ, ಎರೆಯಲ್ಲಿ ಪಾಯದ ಪಕ್ಕ ನೀರು ಕೂಡಿಟ್ಟಂತೆ.

ಇನ್ನೊಂದು, ಹೆಚ್ಚಿನವರು ಗಮನಿಸದ ಮೂಲ: ಸೋರುವ ಒಳಚರಂಡಿ ಪೈಪು. ಮಣ್ಣು ಏರಿಳಿಯುತ್ತ ಪೈಪಿನ ಕೀಲು ಬಿಡಿಸುತ್ತದೆ, ಸೋರಿದ ನೀರು ಮಣ್ಣನ್ನು ಇನ್ನಷ್ಟು ಉಬ್ಬಿಸುತ್ತದೆ. ಕೆಳಗಿನ ಚೇಂಬರಿನ ಪೈಪಿನ ಬಾಯಿಯನ್ನು ಬಟ್ಟೆ ಗಂಟಿನಿಂದ ಗಟ್ಟಿಯಾಗಿ ಮುಚ್ಚಿ, ಮೇಲಿನ ಚೇಂಬರಿನಲ್ಲಿ ನೀರು ತುಂಬಿ, ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿ ಒಂದು ಗಂಟೆ ಬಿಡಿ. ಆ ಹೊತ್ತಿನಲ್ಲಿ ಮನೆಯಲ್ಲಿ ನಲ್ಲಿ ಬಳಸಬಾರದು. ನೀರು ಎದ್ದು ಕಾಣುವಷ್ಟು ಇಳಿದರೆ ಆ ಪೈಪನ್ನು ಈಗಲೇ ಬದಲಿಸಿ, ಡೆಕ್ ಬಂದ ಮೇಲೆ ಅದು ದೊಡ್ಡ ಕೆಲಸ. ಚೇಂಬರು, ಅರ್ಥಿಂಗ್ ಗುಂಡಿ, ಸಂಪಿನ ಮುಚ್ಚಳ ಡೆಕ್ ಕೆಳಗೆ ಬರುವಂತಿದ್ದರೆ ಅವುಗಳ ನೇರಕ್ಕೆ ಎತ್ತಿ ತೆಗೆಯುವ ಹಲಗೆ ಬಾಗಿಲು ಇರಲಿ.

ಬೇವಿನ ಮರ ಕಡಿಯಬೇಡಿ. ಅದು ಬೇಸಿಗೆಯಲ್ಲಿ ನೆಲದ ತೇವ ಹೀರಿ ಮಣ್ಣು ಕುಗ್ಗಿಸುತ್ತದೆ, ನಿಜ. ಆದರೆ ಕಡಿದರೆ ಅಷ್ಟು ವರ್ಷ ಒಣಗಿದ್ದ ಮಣ್ಣು ಮತ್ತೆ ನೀರು ಕುಡಿದು ವರ್ಷಗಟ್ಟಲೆ ಉಬ್ಬುತ್ತ ಹೋಗುತ್ತದೆ. ಮರದ ಎತ್ತರದಷ್ಟು ದೂರ ಬಿಡಲು ನಿಮ್ಮ ಹಿತ್ತಲಲ್ಲಿ ಜಾಗ ಸಾಲದಿರಬಹುದು. ಸಾಧ್ಯವಾದಷ್ಟು ಬಿಡಿ, ಮರದ ಕಡೆಯ ಮೂಲೆಯೇ ಹೆಚ್ಚು ಅಲುಗುತ್ತದೆ ಎಂದು ಲೆಕ್ಕ ಹಾಕಿಕೊಂಡಿರಿ.

ಹರಡಿದ ಕಸದ ಮಣ್ಣು

ಇಟ್ಟಿಗೆ ಚೂರು, ಗಾರೆ ಇರುವ ಆ ಒಂದೂವರೆ ಅಡಿಯನ್ನು ಉಳಿಸಿಕೊಳ್ಳಬೇಡಿ. ಅದು ಬಡಿದು ಕೂರಿಸಿದ ಮಣ್ಣಲ್ಲ, ಸಂದುಗಳಲ್ಲಿ ಉಸುಕಿನಂತೆಯೇ ನೀರು ಹಿಡಿಯುತ್ತದೆ. ಸೆಂಟ್ರಿಂಗ್ ಹಲಗೆಯ ತುಂಡು, ಸಿಮೆಂಟ್ ಚೀಲದ ಕಾಗದ ಅದರಲ್ಲಿ ಸೇರಿಕೊಂಡಿರುವುದು ಸಾಮಾನ್ಯ, ಅದೇ ಗೆದ್ದಲಿಗೆ ಮೊದಲ ಊಟ. ಡೆಕ್‌ನ ಅಳತೆಗಿಂತ ಮೂರು ಕಡೆ ಎರಡಡಿ ಹೆಚ್ಚು ಜಾಗ, ಅಂದರೆ 20 ಅಡಿಗೆ 14 ಅಡಿ ತೆರವು ಮಾಡಿ. ಮೂಲ ಎರೆ ಕಾಣುವವರೆಗೆ ತೆಗೆದರೆ 420 ಘನ ಅಡಿ. ಸಡಿಲಾದಾಗ ಹೆಚ್ಚುವುದರಿಂದ ನೂರು ಘನ ಅಡಿ ಹಿಡಿಯುವ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಐದಾರು ಲೋಡ್. ಗರಿಕೆ, ಜೇಕು, ಕಾಂಗ್ರೆಸ್ ಕಸ ಎಲ್ಲ ಅದರ ಜೊತೆಗೇ ಹೋಗುತ್ತದೆ, ಕಳೆನಾಶಕದ ಅಗತ್ಯ ಬೀಳುವುದಿಲ್ಲ.

ಇಲ್ಲೊಂದು ಎಡವಟ್ಟು ಕಾದಿದೆ. ಕಸ ತೆಗೆದು ಹಾಗೇ ಬಿಟ್ಟರೆ ಹಿತ್ತಲ ನಡುವೆ ಒಂದೂವರೆ ಅಡಿ ಆಳದ ಕೆರೆ ಆಗುತ್ತದೆ. ಆ ಜಾಗಕ್ಕೆ ಗರಸು ತುಂಬಿ. ಬಡಿದಾಗ ಇಳಿಯುವುದನ್ನು ಲೆಕ್ಕ ಹಾಕಿ 525 ಘನ ಅಡಿ ತರಿಸಿ. ಒದ್ದೆ ಮಾಡಿ ಕೈಯಲ್ಲಿ ಉಜ್ಜಿದರೆ ಜಿಗುಟಾಗಿ ಅಂಟುವ ಗರಸು ಬೇಡ, ಅದರಲ್ಲಿ ಎರೆ ಬೆರೆತಿದೆ. ಬರೀ ಕಲ್ಲಿನ ಗರಸೂ ಬೇಡ, ಅದು ನೀರು ಇಳಿಬಿಡುತ್ತದೆ. ಎರಡು ಇಂಚಿಗಿಂತ ದೊಡ್ಡ ಕಲ್ಲು ಆರಿಸಿ ತೆಗೆಯಿರಿ. ಕೆಳಗಿನ ಎರೆಯ ಮೇಲ್ಮೈಯನ್ನೇ ಮೊದಲು ಮನೆಯಿಂದ ಆಚೆಗೆ ಇಳಿಜಾರು ಮಾಡಿ, ಆಮೇಲೆ ಆರಾರು ಇಂಚಿನ ಪದರ ಹರಡಿ ದಮ್ಮಸು ಮಾಡಿಸಿ. ಬಾಡಿಗೆಗೆ ಪ್ಲೇಟ್ ಕಾಂಪ್ಯಾಕ್ಟರ್ ಸಿಕ್ಕರೆ ಒಳ್ಳೆಯದು. ತೇವ ಎಷ್ಟಿರಬೇಕು ಎಂದರೆ, ಹಿಡಿ ಗರಸನ್ನು ಅದುಮಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಒಂದೇ ಸಲ ಒಂದೂವರೆ ಅಡಿ ತುಂಬಿ ಮೇಲೆ ಟ್ಯಾಂಕರ್ ನೀರು ಬಿಟ್ಟು "ಕೂತಿತು" ಎನ್ನುವ ಪದ್ಧತಿಗೆ ಒಪ್ಪಬೇಡಿ. ಆ ನೀರೆಲ್ಲ ಹೋಗಿ ಸೇರುವುದು ಕೆಳಗಿನ ಎರೆಗೆ. ಕೊನೆಯ ಪದರ ಅಡಿಗೆ ಕಾಲು ಇಂಚಿನಂತೆ, 12 ಅಡಿಗೆ ಮೂರು ಇಂಚು ಹೊರಕ್ಕೆ ಇಳಿದಿರಲಿ. ನೀರು ತುಂಬಿದ ಲೆವೆಲ್ ಪೈಪಿನಲ್ಲಿ ಹಿಡಿದು ನೋಡಿ, ಕಣ್ಣಂದಾಜು ನಂಬಬೇಡಿ. ಆ ಇಳಿಜಾರಿನ ಕೊನೆಯಿಂದ ನೀರು ಮುಂದೆ ಹರಿದು ಹೋಗಲು ದಾರಿ ಇರಬೇಕು, ಇಲ್ಲದಿದ್ದರೆ ಒಂದು ಅಡಿ ಅಗಲದ ಆಳವಿಲ್ಲದ ಕಾಲುವೆ ತೆಗೆದು ರಸ್ತೆ ಚರಂಡಿಗೆ ಜೋಡಿಸಿ.

ಪಾಯ ಯಾವುದು?

ನಾಲ್ಕು ದಾರಿಗಳಿವೆ. ಅತಿ ಅಗ್ಗದ್ದು, ಗರಸಿನ ಮೇಲೆಯೇ ಕಾಂಕ್ರೀಟ್ ದಿಮ್ಮಿ ಇಟ್ಟು, ಏರಿಸಿ ಇಳಿಸಬಲ್ಲ ಸ್ಕ್ರೂ ಪಾದಗಳ ಮೇಲೆ ಡೆಕ್ ಕೂರಿಸುವುದು. ಮಣ್ಣು ಅಲುಗುತ್ತದೆ ಎಂದು ಒಪ್ಪಿಕೊಂಡು ವರ್ಷಕ್ಕೆರಡು ಬಾರಿ ಮಟ್ಟ ಸರಿಮಾಡುವ ತಾಳ್ಮೆ ಇರುವವರಿಗೆ ಅದು ಸರಿ. ಎರಡನೆಯದು ಆಳಕ್ಕಿಳಿದ ಬಿಡಿ ಪಾಯಗಳು. ಮೂರನೆಯದು ಮೂರಡಿಯವರೆಗೆ ಎರೆಯನ್ನೂ ತೆಗೆದು ಗರಸು ತುಂಬುವುದು. ಇದರಲ್ಲಿ ಮಣ್ಣು ಸಾಗಣೆ ಖರ್ಚು ಏರುತ್ತದೆ, ಮನೆಯ ಪಾಯದ ಪಕ್ಕ ಉದ್ದಕ್ಕೂ ಗುಂಡಿ ತೆರೆದಿಟ್ಟಾಗ ಮಳೆ ಬಂದರೆ ಮನೆಗೇ ಅಪಾಯ. ನಾಲ್ಕನೆಯದು ಭಾರತೀಯ ಮಾನಕ ಐಎಸ್ 2911ರ ಮೂರನೇ ಭಾಗದಲ್ಲಿ ಹೇಳಿರುವ ಅಂಡರ್‌ರೀಮ್ಡ್ ಪೈಲ್: ಸುಮಾರು 3.5 ಮೀಟರ್ ಆಳ, ತುದಿಯಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ. ಋತುವಿನೊಂದಿಗೆ ತೇವ ಏರಿಳಿಯುವ ಪದರವನ್ನು ದಾಟಿ ಅದು ನೆಲಕ್ಕೆ ಲಂಗರು ಹಾಕುತ್ತದೆ. ಡೆಕ್ ಮೇಲೆ ಮುಂದೆ ಶೀಟಿನ ಚಾವಣಿ ಹಾಕುವ ಯೋಚನೆ ಇದ್ದರೆ ಇದನ್ನೇ ಮಾಡಿಸಿ, ತೆರೆದ ಡೆಕ್ಕಿಗೆ ಇಷ್ಟು ಬೇಡ.

ನಿಮಗೆ ನನ್ನ ಸಲಹೆ ಎರಡನೆಯದು, ಅದರ ತಲೆಯ ಮೇಲೆ ಮೊದಲನೆಯದರ ಸ್ಕ್ರೂ ಪಾದ. ಎರೆಯಲ್ಲಿ ಕಂಬಗಳು ಕಡಿಮೆ ಇದ್ದು ಒಂದೊಂದರ ಮೇಲೂ ಭಾರ ಹೆಚ್ಚಿದ್ದರೆ ಮೇಲೇಳುವುದು ಕಡಿಮೆ. ಹಾಗಾಗಿ ಹನ್ನೆರಡರ ಬದಲು ಒಂಬತ್ತು ಸಾಕು: ಉದ್ದಕ್ಕೆ ಎಂಟೆಂಟು ಅಡಿಗೆ ಮೂರು, ಅಗಲಕ್ಕೆ ಆರಾರು ಅಡಿಗೆ ಮೂರು. ನಡುವಿನ ಕಂಬಕ್ಕೆ ಬರುವುದು 48 ಚದರ ಅಡಿಯ ಭಾರ. ಜನ ತುಂಬಿದ ದಿನಕ್ಕೆ ಚದರ ಮೀಟರಿಗೆ 300 ಕೆಜಿ ಹಿಡಿದು, ಡೆಕ್‌ನ ತೂಕ ಸೇರಿಸಿದರೂ ಒಂದೂವರೆ ಟನ್ ಆಸುಪಾಸು. ಎರಡಡಿ ಚೌಕದ ತಳಕ್ಕೆ ಅದು ಚದರ ಮೀಟರಿಗೆ ನಾಲ್ಕು ಟನ್ನಿಗೆ ಸ್ವಲ್ಪ ಹೆಚ್ಚು. ನೆನೆದ ಎರೆಯೂ ಸಾಮಾನ್ಯವಾಗಿ ಇಷ್ಟನ್ನು ತಡೆಯುತ್ತದೆ.

ಮೊದಲು ಒಂದೇ ಗುಂಡಿ ತೋಡಿಸಿ ನೋಡಿ. ಎರೆಯ ಆಳ ಎಲ್ಲೆಡೆ ಒಂದೇ ಅಲ್ಲ. ನಾಲ್ಕೈದು ಅಡಿಗೇ ಗಟ್ಟಿ ಗರಸು ಸಿಕ್ಕರೆ ಅದರ ಮೇಲೇ ಪಾಯ ನಿಲ್ಲಿಸಿ, ನಿಮ್ಮ ಅರ್ಧ ಚಿಂತೆ ಅಲ್ಲಿಗೆ ತೀರಿತು. ಸಿಗದಿದ್ದರೆ ಐದಡಿಗೆ ನಿಲ್ಲಿಸಿ. ತೇವದ ಏರಿಳಿತ ಅತಿ ಜೋರಾಗಿರುವುದು ಅಲ್ಲಿಯವರೆಗೆ. ಅದರ ಕೆಳಗೂ ಸ್ವಲ್ಪ ಇರುತ್ತದೆ, ಅದಕ್ಕಾಗಿಯೇ ಸ್ಕ್ರೂ ಪಾದ. ಮನೆಯ ಪಾಯಕ್ಕಿಂತ ಆಳಕ್ಕೆ ಮಾತ್ರ ಗೋಡೆ ಪಕ್ಕದ ಗುಂಡಿ ಹೋಗಬಾರದು.

ಒಳಗಿಳಿದು ಕೆಲಸ ಮಾಡಲು ಗುಂಡಿ ಮೂರಡಿ ಚೌಕ ಬೇಕು. ಎರೆಯ ಗೋಡೆ ಗಟ್ಟಿಯಾಗಿ ನಿಂತಂತೆ ಕಂಡರೂ ಬಿರುಕಿನ ಗುಂಟ ಒಮ್ಮೆಲೇ ಜಾರುತ್ತದೆ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಮೇಲಿರಲೇಬೇಕು, ತೋಡಿದ ಮಣ್ಣು ಅಂಚಿನಿಂದ ಮೂರಡಿ ದೂರ ಬೀಳಲಿ. ತಳಕ್ಕೆ ನಾಲ್ಕು ಇಂಚು 1:4:8 (ಸಿಮೆಂಟ್, ಉಸುಕು, ಜಲ್ಲಿ) ಕಾಂಕ್ರೀಟನ್ನು ತೋಡಿದ ದಿನವೇ ಹಾಕಿ ಮುಗಿಸಿ. ತೆರೆದ ತಳ ರಾತ್ರಿಯಿಡೀ ಒಣಗಬಾರದು, ನೆನೆಯಲೂಬಾರದು. ಅದರ ಮೇಲೆ ಎರಡಡಿ ಚೌಕ, ಎಂಟು ಇಂಚು ದಪ್ಪದ ಪಾದ, 10 ಎಂಎಂ ಸರಳು ಎರಡೂ ದಿಕ್ಕಿಗೆ ಆರು ಇಂಚಿಗೊಂದರಂತೆ. ಅಲ್ಲಿಂದ ಮೇಲೆ ಒಂಬತ್ತು ಇಂಚು ಚೌಕದ ಕಂಬ, 12 ಎಂಎಂನ ನಾಲ್ಕು ಸರಳು, 8 ಎಂಎಂ ರಿಂಗು ಆರು ಇಂಚಿಗೊಂದು. ಕಂಬದ ತಲೆ ನೆಲದಿಂದ ಆರು ಇಂಚು ಮೇಲಿರಲಿ. 1:1½:3 ಮಿಶ್ರಣದಲ್ಲಿ ಒಂಬತ್ತಕ್ಕೂ ಸೇರಿ, ತಳದ ಕಾಂಕ್ರೀಟನ್ನೂ ಕೂಡಿಸಿ, 12ರಿಂದ 13 ಚೀಲ ಸಿಮೆಂಟ್ ಬೇಕಾಗುತ್ತದೆ. ಇವು ಅಂದಾಜಿಗಾಗಿ ಕೊಟ್ಟ ಅಳತೆಗಳು. ಗುಂಡಿಯ ಮಣ್ಣು ನೋಡಿದ ಸ್ಥಳೀಯ ಎಂಜಿನಿಯರು ಒಮ್ಮೆ ಒಪ್ಪಿದ ಮೇಲೆ ಕೆಲಸ ಹಿಡಿಯಿರಿ.

ಕಂಬದ ಆಕಾರದ ಮೇಲೆ ಕಣ್ಣಿಡಿ. ಹಲಗೆ ಕಟ್ಟದೆ ಗುಂಡಿಗೇ ಕಾಂಕ್ರೀಟ್ ಸುರಿದರೆ ಮೇಲೆ ಅಗಲ, ಕೆಳಗೆ ಕಿರಿದಾದ ಕಂಬ ಆಗುತ್ತದೆ. ಹಿಗ್ಗುವ ಮಣ್ಣಿಗೆ ಆ ಅಗಲದ ಭುಜವೇ ಹಿಡಿಕೆ, ಅದನ್ನು ಹಿಡಿದು ಇಡೀ ಕಂಬ ಎತ್ತುತ್ತದೆ. ಬುಡ ಅಗಲ, ಮೇಲೆ ಕಿರಿದು, ಮೈ ನುಣುಪು ಇರಬೇಕು. ಸೆಂಟ್ರಿಂಗ್ ಪೆಟ್ಟಿಗೆ ಕಟ್ಟಿ ಹಾಕಿಸಿ, ಬಿಚ್ಚಿದ ಮೇಲೆ ಕಂಬದ ಮೈಗೆ ಎರಡು ಸುತ್ತು ದಪ್ಪ ಪಾಲಿಥೀನ್ ಸುತ್ತಿ. ಮಣ್ಣು ಮೇಲೇಳುವಾಗ ಜಾರಿಕೊಂಡು ಹೋಗುತ್ತದೆ, ಕಂಬವನ್ನು ಎಳೆದೊಯ್ಯುವುದಿಲ್ಲ. ಸುತ್ತ ಗರಸು ತುಂಬಿ ಆರಾರು ಇಂಚಿಗೆ ಬಡಿಯಿರಿ. ಕ್ಯೂರಿಂಗ್‌ಗೆಂದು ಗುಂಡಿಯಲ್ಲಿ ನೀರು ನಿಲ್ಲಿಸಬೇಡಿ. ಒದ್ದೆ ಗೋಣಿಚೀಲ ಸುತ್ತಿ ಹತ್ತು ದಿನ ತೇವ ಕಾಪಾಡಿದರೆ ಸಾಕು.

ಡೆಕ್ ಫ್ರೇಮನ್ನು ಮನೆ ಗೋಡೆಗೆ ಬೋಲ್ಟ್ ಮಾಡಲು ಬಡಿಗೇರರು ಮುಂದಾಗಬಹುದು, ಬೇಡ ಅನ್ನಿ. ಮನೆ ನಿಂತಲ್ಲಿ ನಿಲ್ಲುತ್ತದೆ, ಡೆಕ್ ಅಲುಗುತ್ತದೆ, ನಡುವಿನ ಬೋಲ್ಟು ಗೋಡೆಯನ್ನು ಕೀಳುತ್ತದೆ. ಒಂದು ಇಂಚು ಸಂದು ಬಿಟ್ಟು ಸ್ವತಂತ್ರವಾಗಿ ನಿಲ್ಲಿಸಿ.

ಗೆದ್ದಲು, ಪ್ಲಾಸ್ಟಿಕ್, ಜಲ್ಲಿ

ಈಗ ಪ್ಲಾಸ್ಟಿಕ್. ಬೇರೆ ಮಣ್ಣಿನಲ್ಲಾದರೆ ನೀರು ಇಂಗುವ ಜಿಯೋಟೆಕ್ಸ್‌ಟೈಲ್ ಬಟ್ಟೆಯೇ ಸರಿ. ಎರೆಯಲ್ಲಿ ಹಲಗೆಗಳ ಸಂದಿನಿಂದ ಬೀಳುವ ಮಳೆ ಕೆಳಗೆ ಇಂಗದಿರುವುದೇ ನಮಗೆ ಬೇಕು. ಹಾಗಾಗಿ ದಪ್ಪ, 250 ಮೈಕ್ರಾನ್ ಅಥವಾ ಅದಕ್ಕೂ ಹೆಚ್ಚಿನ ಪಾಲಿಥೀನ್ ಹಾಳೆ ಒಳ್ಳೆಯದೇ, ಆದರೆ ಮೇಲೆ ಹೇಳಿದ ಇಳಿಜಾರು ಪೂರ್ತಿಯಾದ ಮೇಲೆ ಮಾತ್ರ. ಸಮತಟ್ಟಾದ ಅಥವಾ ತಗ್ಗಿರುವ ನೆಲದ ಮೇಲೆ ಹಾಸಿದರೆ ನೀರು ನಿಂತು ಸೊಳ್ಳೆ ಮರಿಯಾಗುತ್ತವೆ. ಹಾಳೆ ಮೇಲೆ ಹಾಳೆ ಒಂದಡಿ ಒತ್ತಿರಲಿ, ಮೇಲಿನ ಕಡೆಯದು ಮೇಲೆ ಬರಲಿ, ಚಾವಣಿ ಹೆಂಚಿನಂತೆ. ಅದರ ಮೇಲೆ 20 ಎಂಎಂ ಜಲ್ಲಿ ಮೂರು ಇಂಚು: ಲೆಕ್ಕಕ್ಕೆ 48 ಘನ ಅಡಿ, ತರಿಸುವಾಗ 55.

ಗೆದ್ದಲಿನ ಔಷಧಿಯನ್ನು ಗುಂಡಿಗಳ ತಳ, ಬದಿ ಮತ್ತು ಹಾಳೆ ಹಾಸುವ ಮುನ್ನ ಗರಸಿನ ಮೇಲೆ ಕೊಡಿಸಿ. ಇಮಿಡಾಕ್ಲೋಪ್ರಿಡ್ 30.5% ದ್ರಾವಣವಾದರೆ ಲೀಟರ್ ನೀರಿಗೆ 2.1 ಮಿಲಿ. ಸಮತಲಕ್ಕೆ ಚದರ ಮೀಟರಿಗೆ 5 ಲೀಟರ್, ಗುಂಡಿಯ ಬದಿಗೆ 7.5 ಲೀಟರ್. ಬಾವಿ ಅಥವಾ ಬೋರ್‌ವೆಲ್ ಹತ್ತಿರವಿದ್ದರೆ ಔಷಧಿ ಬಿಟ್ಟೇಬಿಡಿ. ಜೇನಿಗೂ ಇದು ವಿಷ, ಬೇವು ಹೂ ಬಿಟ್ಟ ಕಾಲದಲ್ಲಿ ಮರದ ಬುಡದ ಕಡೆ ಸುರಿಯಬೇಡಿ. ಔಷಧಿಗಿಂತ ಹೆಚ್ಚು ನೆಚ್ಚಬೇಕಾದದ್ದು ನೆಲಕ್ಕೂ ಮರಕ್ಕೂ ನಡುವಿನ ಅಂತರವನ್ನು. ಕಾಂಕ್ರೀಟ್ ಕಂಬ, ಅದರ ಮೇಲೆ ಗ್ಯಾಲ್ವನೈಸ್ ಮಾಡಿದ ಉಕ್ಕಿನ ಪಾದ, ಆಮೇಲೆ ಮರ. ಗೆದ್ದಲು ಏರಬೇಕಾದರೆ ಬರಿಯ ಕಂಬದ ಮೇಲೆ ಮಣ್ಣಿನ ಕೊಳವೆ ಕಟ್ಟಲೇಬೇಕು, ಆಗ ಅದು ಕಣ್ಣಿಗೆ ಬೀಳುತ್ತದೆ. ನಿಮ್ಮ ಪ್ಲಿಂತ್ ಎರಡೂವರೆ ಅಡಿ ಇರುವುದರಿಂದ, ಡೆಕ್‌ನ ಮೇಲ್ಮೈ ಹೊಸ್ತಿಲಿಗಿಂತ ಒಂದೂವರೆ ಇಂಚು ಕೆಳಗಿಟ್ಟರೂ ಫ್ರೇಮಿನ ಅಡಿ ಇಪ್ಪತ್ತು ಇಂಚಿಗೂ ಹೆಚ್ಚು ಜಾಗ ಉಳಿಯುತ್ತದೆ. ಒಬ್ಬರು ಟಾರ್ಚು, ಪಾನಾ ಹಿಡಿದು ತೆವಳಬಹುದು. ಬದಿಗಳನ್ನು ಹಲಗೆಯಿಂದ ಮುಚ್ಚಬೇಡಿ, ಗಾಳಿ ಆಡಬೇಕು. ಹಾವು, ಇಲಿ ಸೇರದಂತೆ ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಸುತ್ತ ಕಟ್ಟಿಸಿ, ಒಂದು ಕಡೆ ತೆಗೆದು ಹಾಕುವಂತಿರಲಿ.

ಯುಗಾದಿಗೆ ಆಗುತ್ತದೆಯೇ?

ಆಗುತ್ತದೆ, ಕೆಲಸ ನವೆಂಬರಿನಲ್ಲಿ ಹಿಡಿದರೆ. ಏಪ್ರಿಲ್–ಮೇನಲ್ಲಿ ಎರೆ ಅತಿ ಒಣಗಿರುತ್ತದೆ, ಆಗ ಕಟ್ಟಿದ್ದು ಮೊದಲ ಮಳೆಗೇ ಮೇಲೇಳುತ್ತದೆ. ಆಗಸ್ಟಿನಲ್ಲಿ ಪೂರ್ತಿ ನೆನೆದಿರುತ್ತದೆ, ಆಗ ಕಟ್ಟಿದ್ದು ಬೇಸಿಗೆಯಲ್ಲಿ ಇಳಿಯುತ್ತದೆ. ಹಿಂಗಾರು ಮುಗಿದ ನವೆಂಬರ್–ಡಿಸೆಂಬರಿನಲ್ಲಿ ತೇವ ನಡುವಿನ ಮಟ್ಟದಲ್ಲಿರುತ್ತದೆ. ಪೈಪು, ಚೇಂಬರು ಮೊದಲ ವಾರ, ಕಸ ತೆಗೆದು ಪಾಯ ಹಾಕಲು ಮುಂದಿನ ಮೂರು ವಾರ, ಗರಸು ಡಿಸೆಂಬರ್ ಮಧ್ಯದೊಳಗೆ. ಫ್ರೇಮು ಜನವರಿ ಕೊನೆಗೆ ಏರಿಸಿದರೆ ಸಾಕು.

ಒಂಬತ್ತು ಕಂಬಗಳ ತಲೆಗೂ ನಂಬರು ಬರೆದು, ಮನೆ ಪ್ಲಿಂತ್‌ನ ಮೇಲೆ ಒಂದು ಗುರುತು ಹಾಕಿ, ಅಲ್ಲಿಂದ ಲೆವೆಲ್ ಪೈಪಿನಲ್ಲಿ ಪ್ರತಿಯೊಂದರ ಮಟ್ಟವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲ ಎರಡು ವರ್ಷ ಜೂನ್, ಅಕ್ಟೋಬರ್, ಫೆಬ್ರವರಿಯಲ್ಲಿ ಮತ್ತೆ ಅಳೆಯಿರಿ. ಪಕ್ಕಪಕ್ಕದ ಕಂಬಗಳ ವ್ಯತ್ಯಾಸ 6 ಎಂಎಂ ಒಳಗಿದ್ದರೆ ಬಿಡಿ, ಅದಕ್ಕಿಂತ ಹೆಚ್ಚಿದ್ದರೆ ಸ್ಕ್ರೂ ಪಾದದ ನಟ್ಟು ತಿರುಗಿಸಿ ಮಟ್ಟಕ್ಕೆ ತನ್ನಿ. ಒಂದೇ ಕಂಬ ಪ್ರತಿ ಸಲವೂ ಮೇಲಕ್ಕೇ ಹೋಗುತ್ತಿದ್ದರೆ ನಟ್ಟು ತಿರುಗಿಸುವ ಮೊದಲು ಅದರ ಸುತ್ತ ಸೋರುವ ಪೈಪು ಹುಡುಕಿ.